30 ಡಾಲರ್‌ನ ವಾಲೈ ಮೀನು ಹಿಡಿಯೋ ಗಾಳದ ಕಿಟ್ ರಿವ್ಯೂ, ಜೊತೆಗೆ ಮಾಮೀ ನದೀಲಿ ನಿಜವಾಗ್ಲೂ ಮೀನು ಕಚ್ಚಿದ್ದು ಯಾವುದಕ್ಕೆ ಅಂತ

ಮೊದ್ಲೇ ಹೇಳ್ಬಿಡ್ತೀನಿ, ಕಿಟ್‌ಗೆ ಐದರಲ್ಲಿ ಒಂದು ಸ್ಟಾರ್, ಆ ಒಂದೂ ಡಬ್ಬಕ್ಕೆ ಕೊಟ್ಟಿದ್ದು.

ಫೆಬ್ರವರಿ ಚಳೀಲಿ ಹೊರಗೆ ಹೋಗೋಕಾಗದೆ ಫೋನ್ ತಿಕ್ತಾ ಕೂತಿದ್ದಾಗ ಈ ಕಿಟ್ ಕಣ್ಣಿಗೆ ಬಿತ್ತು. 75 ಪೀಸ್, ಸ್ಪ್ರಿಂಗ್ ವಾಲೈ ಸ್ಪೆಷಲ್, ಮುಚ್ಚಳದ ಮೇಲೆ ಬಾಯಿ ತೆರಕೊಂಡಿರೋ ದೊಡ್ಡ ಮೀನಿನ ಫೋಟೋ, ರೇಟು ಮೂವತ್ತಕ್ಕೆ ಒಂದು ಸೆಂಟ್ ಕಮ್ಮಿ. ಮಾರ್ದೋರ ಹೆಸರು ಬೇಡ, ಇಂಥ ಕಿಟ್ ಹತ್ತಾರು ಹೆಸರಲ್ಲಿ ಸಿಗತ್ತೆ, ಒಳಗಿರೋದು ಹೆಚ್ಚುಕಮ್ಮಿ ಅದೇ ಮಾಲು. ಚಿಕ್ಕೋನಿದ್ದಾಗ ಕೆರೇಲಿ ಎರೆಹುಳ ಸಿಗ್ಸಿ ಗಾಳ ಹಾಕಿದ್ದು ಬಿಟ್ರೆ ನನಗೆ ಲೂರು (ಮೀನಿಗೆ ಆಸೆ ತೋರ್ಸೋ ನಕಲಿ ಹುಳ, ಮೀನು) ಗೀರು ಏನೂ ಗೊತ್ತಿರ್ಲಿಲ್ಲ, ಅಮೆರಿಕದ ಒಹಾಯೋ ರಾಜ್ಯದ ಟೊಲೆಡೊಗೆ ಬಂದ್ಮೇಲೆ ಆಫೀಸಲ್ಲಿ ಮಾರ್ಚ್ ಬಂತಂದ್ರೆ ಎಲ್ರೂ ವಾಲೈ ವಾಲೈ ಅಂತ ಬಡ್ಕೊಳೋದು ಕೇಳಿ ಕೇಳಿ ಆಸೆ ಹತ್ತಿತ್ತು, ಸರಿ ಎಲ್ಲಾ ಒಂದೇ ಡಬ್ಬದಲ್ಲಿ ಬರತ್ತಲ್ಲ ಅಂತ ಆರ್ಡರ್ ಮಾಡ್ದೆ.

ಗೊತ್ತಿಲ್ದೋರಿಗೆ ಸ್ವಲ್ಪ. ವಾಲೈ ಇಲ್ಲಿಯ ಸಿಹಿನೀರಿನ ಮೀನು, ಪರ್ಚ್ ಜಾತೀದು, ಉದ್ದಕ್ಕೆ ಇರತ್ತೆ, ಹಸಿರು ಕಲೆಸಿದ ಚಿನ್ನದ ಬಣ್ಣ, ಬಾಯ್ತುಂಬ ಚೂಪು ಹಲ್ಲು. ಕಣ್ಣು ಮಾತ್ರ ವಿಚಿತ್ರ, ಕಣ್ಣಿನ ಹಿಂದೆ ಬೆಕ್ಕಿಗಿರೋ ಥರ ಬೆಳಕು ವಾಪಸ್ ಹೊಡೆಯೋ ಒಂದು ಪದರ ಇರತ್ತೆ, ಟಾರ್ಚ್ ಬಿಟ್ರೆ ಫಳಫಳ ಅನ್ನತ್ತೆ. ಅದಕ್ಕೇ ಮಬ್ಬು ಬೆಳಕಲ್ಲಿ, ಕದಡಿದ ನೀರಲ್ಲಿ ಬೇರೆ ಮೀನಿಗೆ ಕಾಣದ್ದು ಇದಕ್ಕೆ ಕಾಣತ್ತೆ, ಬೇಟೆ ಆಡೋದೂ ಆ ಹೊತ್ತಲ್ಲೇ ಜಾಸ್ತಿ. ಮಿನ್ನೆಸೋಟದೋರಿಗೆ ಇದು 1965ರಿಂದ ರಾಜ್ಯದ ಮೀನು. ನಮ್ಮ ಪಕ್ಕದ ಪೋರ್ಟ್ ಕ್ಲಿಂಟನ್‌ನೋರು ಇನ್ನೂ ಒಂದು ಹೆಜ್ಜೆ ಮುಂದೆ, ಹೊಸ ವರ್ಷದ ರಾತ್ರಿ ನ್ಯೂಯಾರ್ಕಲ್ಲಿ ಚೆಂಡು ಇಳಿಸ್ತಾರಲ್ಲ, ಇವ್ರು ಫೈಬರ್‌ಗ್ಲಾಸಿನ ವಾಲೈ ಇಳಿಸ್ತಾರೆ. ನಾನು ಹೋಗಿ ನೋಡಿದೀನಿ, ಆ ಚಳೀಲೂ ಜನ ಕುಣೀತಾರೆ.

ಈರಿ ಸರೋವರದ ವಾಲೈ ಮಾರ್ಚ್ ಏಪ್ರಿಲ್‌ನಲ್ಲಿ ಮೊಟ್ಟೆ ಇಡೋಕೆ, ಟೊಲೆಡೊದಲ್ಲಿ ಆ ಸರೋವರಕ್ಕೆ ಸೇರೋ ಮಾಮೀ ನದಿ ಹತ್ತತ್ತೆ. ಪೆರಿಸ್‌ಬರ್ಗ್, ಮಾಮೀ ಊರುಗಳ ಹತ್ರ ನದಿ ತಳ ಬಂಡೆ ಮತ್ತೆ ಜಲ್ಲಿ, ಅದೇ ಬೇಕು ಇವಕ್ಕೆ, ಗೂಡು ಗೀಡು ಕಟ್ಟಲ್ಲ, ಜಲ್ಲಿ ಮೇಲೆ ಮೊಟ್ಟೆ ಚೆಲ್ಲಿ ಹೊರಟ್ಹೋಗತ್ತೆ. ಆ ಟೈಮಲ್ಲಿ ಸೈಡ್ ಕಟ್ ಪಾರ್ಕ್, ಬ್ಲೂಗ್ರಾಸ್ ಐಲೆಂಡ್, ಫೋರ್ಟ್ ಮೀಗ್ಸ್ ಕೆಳಗೆ, ಆರ್ಲಿಯನ್ಸ್ ಪಾರ್ಕ್, ಎಲ್ಲಿ ನೋಡಿದ್ರೂ ಎದೆಮಟ್ಟದ ವೇಡರ್ಸ್ (ನೀರು ಒಳಗೆ ಬಾರದ ಬೂಟು ಸಮೇತದ ಪ್ಯಾಂಟು) ಹಾಕ್ಕೊಂಡು ನೀರಲ್ಲಿ ಸಾಲಾಗಿ ನಿಂತಿರೋ ಜನ, ರೇಷನ್ ಕ್ಯೂ ನೋಡ್ದಂಗೆ ಇರತ್ತೆ.

ಆ ಕ್ಯೂಗೆ ನಾನೂ ನನ್ನ ಹೊಸ ಡಬ್ಬ ಹಿಡ್ಕೊಂಡು ಹೋದೆ. ಜೊತೆಗೆ ಆಫೀಸಿನ ಫ್ರೆಂಡು, ನಮ್ಮ ಕಡೆಯೋನೇ, ನಾಲ್ಕು ವರ್ಷದಿಂದ ಇಲ್ಲಿ ಗಾಳ ಹಾಕ್ತಿರೋನು. ಡಬ್ಬ ತೆಗೆದು ತೋರ್ಸಿದ್ನೋ ಇಲ್ವೋ, "ಗುರು, ಮುಚ್ಚು ಮುಚ್ಚು, ಆಫೀಸರ್ ಆ ಕಡೆ ಓಡಾಡ್ತಾವ್ನೆ" ಅಂದ. ನಂಗೆ ಅರ್ಥ ಆಗ್ಲಿಲ್ಲ. ವಿಷ್ಯ ಏನಂದ್ರೆ ಮಾಮೀಲಿ ಮಾರ್ಚ್ ಏಪ್ರಿಲ್ ಎರಡು ತಿಂಗಳು ಟ್ರೆಬಲ್ ಹುಕ್, ಅಂದ್ರೆ ಮೂರು ಮುಳ್ಳಿನ ಕೊಕ್ಕೆ, ಹಾಕಂಗಿಲ್ಲ. ಸಿಂಗಲ್ ಹುಕ್ ಮಾತ್ರ. ಒಂದೇ ಜಾಗದಲ್ಲಿ ಸಾವಿರಾರು ಮೀನು ಒತ್ತೊತ್ತಾಗಿ ಇರೋವಾಗ ಮೂರು ಮುಳ್ಳು ಎಳೆದ್ರೆ ಹೊಟ್ಟೆಗೋ ಬಾಲಕ್ಕೋ ಚುಚ್ಕೊಳ್ಳತ್ತೆ, ಅದು ಗಾಳ ಹಾಕೋದಲ್ಲ, ಕೊಡಲಿ ಬೀಸೋದು. ನನ್ನ 75 ಪೀಸಲ್ಲಿ 34 ಟ್ರೆಬಲ್, ಕೂತು ಎಣಿಸ್ದೆ. "ಸ್ಪ್ರಿಂಗ್ ವಾಲೈ ಸ್ಪೆಷಲ್" ಅಂತ ಮೇಲೆ ಬರ್ದು, ಸ್ಪ್ರಿಂಗಲ್ಲಿ ವಾಲೈಗೆ ಇಷ್ಟು ಹೆಸರಾದ ನದೀಲಿ ಹಾಕೋಕೇ ಆಗದ ಮಾಲು ಅರ್ಧ ಡಬ್ಬ.

ಸರಿ ಉಳಿದಿದ್ರಲ್ಲಿ ಜಿಗ್ ಹೆಡ್ ಇತ್ತು. ಜಿಗ್ ಹೆಡ್ ಅಂದ್ರೆ ಕೊಕ್ಕೆ ತಲೆಗೆ ಸೀಸದ ಉಂಡೆ ಕಟ್ಟಿರ್ತಾರೆ, ಅದಕ್ಕೆ ರಬ್ಬರ್ ಬಾಲ ಏರಿಸೋದು. ಕಿಟ್‌ನೋವೆಲ್ಲ ಔನ್ಸಿನ ಹದಿನಾರನೇ ಒಂದು ಭಾಗ, ಗ್ರಾಮಲ್ಲಿ ಎರಡೂ ಆಗಲ್ಲ, ಕೆರೆ ನೀರಲ್ಲಿ ಸಣ್ಣ ಮೀನಿಗೆ ಸರಿ. ಈ ನದಿ ಸೆಳೆತದಲ್ಲಿ ಹಾಕ್ದೆ, ನೀರಿನ ಮೇಲೇ ಎಲೆ ಥರ ತೇಲ್ಕೊಂಡು ಹೋಗಿ ಕೆಳಗಿನೋನ ಲೈನಿಗೆ ಸುತ್ಕೊಂತು. ಮೂರು ಸಲ. ಮೂರನೇ ಸಲ ಆತ ತಿರುಗಿ ನೋಡಿ "ಎಷ್ಟು ವೆಯ್ಟ್ ಹಾಕಿದೀಯ?" ಅಂದ. ಆವತ್ತು ಬೆಳಿಗ್ಗೆ ಈ ಪ್ರಶ್ನೆ ಇನ್ನೂ ನಾಲ್ಕೈದು ಜನರ ಬಾಯಲ್ಲಿ ಕೇಳ್ದೆ, ಯಾರೂ ಯಾರನ್ನೂ "ಯಾವ ಲೂರು" ಅಂತ ಮೊದ್ಲು ಕೇಳಲ್ಲ, ಮೀನು ಎತ್ತಿದೋನ ಪಕ್ಕದೋನು ಕೇಳೋದು ಎಷ್ಟು ವೆಯ್ಟು, ಲೀಡರ್ (ಕೊಕ್ಕೆ ಕಟ್ಟೋ ಕೊನೇ ತುಂಡು ಲೈನ್) ಎಷ್ಟುದ್ದ, ಅಷ್ಟೇ. ಬಣ್ಣ ಆಮೇಲೆ.

(ವೆಯ್ಟ್ ಅಂದ ತಕ್ಷಣ ನೆನಪಾಯ್ತು, 2022ರಲ್ಲಿ ಕ್ಲೀವ್‌ಲ್ಯಾಂಡಲ್ಲಿ ವಾಲೈ ಟೂರ್ನಮೆಂಟ್ ಗೆಲ್ಲೋಕೆ ಇಬ್ರು ಮೀನಿನ ಹೊಟ್ಟೆಗೆ ಸೀಸದ ಗುಂಡು ತುರುಕಿ ಎಲ್ರ ಮುಂದೇನೇ ಸಿಕ್ಕಾಕ್ಕೊಂಡಿದ್ರಲ್ಲ, ಆ ವಿಡಿಯೋ ನೋಡಿರ್ತೀರ. ನಾನು ಹೇಳ್ತಿರೋ ವೆಯ್ಟ್ ಲೈನಿಗೆ ಕಟ್ಟೋದು.)

ಫ್ರೆಂಡು ಕಟ್ಟಿಕೊಟ್ಟಿದ್ದು ಕೆರೊಲೈನ ರಿಗ್, ರಿಗ್ ಅಂದ್ರೆ ಗುಂಡು ಕೊಕ್ಕೆ ಎಲ್ಲಾ ಸೇರಿಸಿ ಕಟ್ಟೋ ಜೋಡಣೆ. ಈಗ ಈ ರಿವ್ಯೂನ ಅಸಲಿ ವಿಷ್ಯ ಇದೇ, ಕಿಟ್ ಮರೆತ್ಬಿಡಿ. ಮೇನ್ ಲೈನಿಗೆ ಮೊಟ್ಟೆ ಆಕಾರದ ಒಂದು ಸೀಸದ ಗುಂಡು ಪೋಣಿಸೋದು, ಅದು ಲೈನ್ ಮೇಲೆ ಜಾರ್ತಾ ಇರ್ಬೇಕು, ಕೆಳಗೆ ಒಂದು ಮಣಿ, ಗಂಟು ಹಾಳಾಗ್ದಿರ್ಲಿ ಅಂತ, ಆಮೇಲೆ ಒಂದು ಸ್ವಿವೆಲ್ (ಲೈನ್ ತಿರುಚಿಕೊಳ್ಳದ ಹಾಗೆ ತಿರುಗೋ ಸಣ್ಣ ಕೊಂಡಿ), ಸ್ವಿವೆಲ್ ಆ ಕಡೆಗೆ ಎರಡಡಿ ಲೀಡರ್ ಲೈನ್, ತುದೀಲಿ ಫ್ಲೋಟಿಂಗ್ ಜಿಗ್. ಹೆಸರು ಜಿಗ್ ಆದ್ರೂ ಇದರ ತಲೆ ಸೀಸ ಅಲ್ಲ, ಹಗುರ, ನೀರಲ್ಲಿ ಮೇಲೇಳತ್ತೆ. ಅದಕ್ಕೆ ಎರಡು ಮೂರು ಇಂಚಿನ ಟ್ವಿಸ್ಟರ್ ಟೇಲ್, ಅಂದ್ರೆ ಸುರುಳಿ ಬಾಲದ ರಬ್ಬರ್ ಹುಳ. ಗುಂಡು ತಳದಲ್ಲಿ ಉರುಳ್ತಾ ಹೋಗತ್ತೆ, ಜಿಗ್ ಮಾತ್ರ ಕಲ್ಲಿಗೆ ಸಿಗದೆ ಸ್ವಲ್ಪ ಮೇಲೆ ಬಾಲ ಆಡಿಸ್ತಾ ಹೋಗತ್ತೆ, ಮೀನು ಇರೋದೂ ಅಷ್ಟೇ ಎತ್ತರದಲ್ಲಿ, ತಳಕ್ಕೆ ಅಂಟಿಕೊಂಡಂಗೆ. ಎಷ್ಟು ಸರಳ ನೋಡಿ. ಜಿಗ್ಗು ಬಾಲ ಎರಡೂ ಸೇರಿ ಒಂದು ಡಾಲರ್ ಆಸುಪಾಸು.

ಹಾಕೋ ವಿಧಾನ: ನದಿಗೆ ಅಡ್ಡವಾಗಿ, ಬೇಕಿದ್ರೆ ಒಂಚೂರು ಮೇಲ್ಗಡೆಗೆ ಎಸೀರಿ, ಲೈನ್ ಬಿಗಿ ಮಾಡ್ಕೊಳ್ಳಿ, ಆಮೇಲೆ ರೀಲ್ ಸುತ್ತೋಕೆ ಹೋಗ್ಬೇಡಿ, ನೀರೇ ಅದನ್ನ ಅರ್ಧಚಂದ್ರದ ಥರ ತಿರುಗಿಸ್ಕೊಂಡು ನಿಮ್ಮ ಕೆಳಗೆ ತರತ್ತೆ. ಈ ತಿರುಗೋ ಹೊತ್ತಲ್ಲಿ ಕೈಗೆ ಟಕ್, ಟಕ್, ಟಕ್ ಅಂತ ಗುಂಡು ಕಲ್ಲಿಗೆ ತಾಗೋದು ಗೊತ್ತಾಗ್ಬೇಕು. ಟಕ್ ಗೊತ್ತಾಗ್ಲಿಲ್ಲ ಅಂದ್ರೆ ಹಗುರ ಆಯ್ತು, ಒಂದು ಸೈಜ್ ಏರ್ಸಿ. ಬಿದ್ದ ಕಡೇನೇ ಕೂತ್ಬಿಡ್ತು ಅಂದ್ರೆ ಭಾರ ಆಯ್ತು, ಇಳ್ಸಿ. ನೀರು ಕಮ್ಮಿ ಇರೋ ದಿನ ನಂಗೆ ಔನ್ಸಿನ ಎಂಟರಲ್ಲಿ ಮೂರು ಭಾಗ ಸಾಕಾಗಿತ್ತು, ಮಳೆ ಬಂದ ಮೇಲೆ ಮುಕ್ಕಾಲು ಔನ್ಸು ಬೇಕಾಯ್ತು, ಅದೇ ಜಾಗದಲ್ಲಿ. ಅಷ್ಟಕ್ಕೇ ಗುಂಡುಗಳನ್ನ ನಾಲ್ಕೈದು ಸೈಜಲ್ಲಿ ಜೇಬಲ್ಲಿ ಇಟ್ಕೊಂಡಿರ್ಬೇಕು, ಬಣ್ಣದ ಬಾಲ ಇಪ್ಪತ್ತು ಇರೋದಕ್ಕಿಂತ ಇದು ಮುಖ್ಯ. ಕಿಟ್‌ನಲ್ಲಿ ಗುಂಡು ಎಷ್ಟಿತ್ತು ಗೊತ್ತಾ? ಒಂದೂ ಇಲ್ಲ.

ಕಚ್ಚೋದು ಹೇಗಿರತ್ತೆ ಅಂತ ಎಲ್ರೂ ಕೇಳ್ತಾರೆ. ಸಿನಿಮಾದಲ್ಲಿ ತೋರ್ಸೋ ಥರ ಎಳೆಯಲ್ಲ. ನೀರು ತಣ್ಣಗಿರತ್ತೆ, ಮೀನು ಮೊಟ್ಟೆ ಕೆಲ್ಸದಲ್ಲಿರತ್ತೆ, ಹಸಿವಿಗೆ ಅಂತ ಓಡಿ ಬಂದು ಹಿಡಿಯಲ್ಲ, ಮೂಗಿನ ಮುಂದೆ ಬಂದಿದ್ದನ್ನ ಸಿಟ್ಟಿಗೆ ಬಾಯಿ ಹಾಕತ್ತೆ ಅಂತ ಕಾಣತ್ತೆ. ಟಕ್ ಟಕ್ ಅಂತಿದ್ದಿದ್ದು ಇದ್ದಕ್ಕಿದ್ದಂಗೆ ನಿಂತು ಒದ್ದೆ ಬಟ್ಟೆ ಸಿಕ್ಕಿಕೊಂಡಂಗೆ ಭಾರ ಆಗತ್ತೆ, ಅಷ್ಟೇ. ನಾನು ಮೊದಲ್ನೇದನ್ನ ಕಲ್ಲು ಅಂದ್ಕೊಂಡು ಬೈಕೊಂಡು ರಾಡ್ ಎತ್ತಿದೆ, ಕಲ್ಲು ತಲೆ ಕೊಡವ್ತು. ಹದಿನೇಳು ಇಂಚು, ಗಂಡು. ಕೈ ನಡುಗ್ತಾ ಇತ್ತು, ಚಳಿಗೆ ಅಂತ ಫ್ರೆಂಡಿಗೆ ಹೇಳ್ದೆ.

ಕಲ್ಲೂ ಸಿಗತ್ತೆ, ಸುಳ್ಳು ಹೇಳಲ್ಲ. ಒಂದು ಬೆಳಿಗ್ಗೆಗೆ ಎಂಟು ಹತ್ತು ರಿಗ್ ಬಲಿ ಕೊಡ್ಬೇಕಾಗತ್ತೆ, ನದಿಗೆ ಹರಕೆ ಅಂತ ಅಂದ್ಕೊಳ್ಳಿ. ಅದಕ್ಕೆ ಲೀಡರ್ ಲೈನು ಮೇನ್ ಲೈನಿಗಿಂತ ಸ್ವಲ್ಪ ವೀಕ್ ಇರ್ಲಿ, ಮೇನ್ 12 ಪೌಂಡ್ ಎಳೆತ ತಡೆಯೋದಾದ್ರೆ ಲೀಡರ್ 8, ಆಗ ಜಿಗ್ ಕಲ್ಲಿಗೆ ಸಿಕ್ರೆ ಅದೊಂದೇ ಹೋಗತ್ತೆ, ಗುಂಡು ವಾಪಸ್ ಬರತ್ತೆ. ಮನೇಲಿ ಹಿಂದಿನ ರಾತ್ರಿನೇ ಹತ್ತು ಹದಿನೈದು ಲೀಡರ್ ಕಟ್ಟಿ ರಟ್ಟಿಗೆ ಸುತ್ತಿಟ್ಕೊಳ್ಳಿ, ಮರಗಟ್ಟಿದ ಬೆರಳಲ್ಲಿ ನೀರಲ್ಲಿ ನಿಂತು ಗಂಟು ಹಾಕೋ ಹಿಂಸೆ ಯಾರಿಗೂ ಬೇಡ.

ಲೀಡರ್ ಉದ್ದದ ಬಗ್ಗೆ ಜಗಳಾನೇ ಇದೆ ಅಲ್ಲಿ. ಕೆಲವ್ರು ನಾಲ್ಕೈದು ಅಡಿ ಬಿಡ್ತಾರೆ, ಮೀನೂ ಜಾಸ್ತಿ ಸಿಗತ್ತೆ ಅಂತಾರೆ. ಸಿಗತ್ತೆ, ಯಾಕಂದ್ರೆ ಉದ್ದ ಲೈನು ಮೀನಿನ ಮೈಗೆ ಒರೆಸ್ಕೊಂಡು ಹೋಗಿ ಕೊಕ್ಕೆ ಹೊರಗಿಂದ ಎಲ್ಲೋ ಚುಚ್ಚತ್ತೆ. ಒಹಾಯೋ ರೂಲ್ ಪ್ರಕಾರ ಬಾಯೊಳಗೆ ಕೊಕ್ಕೆ ಸಿಕ್ಕಿದ್ ಮೀನು ಮಾತ್ರ ಇಟ್ಕೋಬೋದು, ಬೇರೆ ಕಡೆ ಚುಚ್ಕೊಂಡಿದ್ರೆ ತಕ್ಷಣ ಬಿಡ್ಬೇಕು. ನಂದೂ ಎರಡು ಹಂಗೆ ಬಂತು, ಒಂದು ಒಳ್ಳೇ ದೊಡ್ಡ ಹೆಣ್ಣು, ಬೆನ್ನಿಗೆ ಚುಚ್ಕೊಂಡಿತ್ತು, ಬಿಡುವಾಗ ಹೊಟ್ಟೆ ಉರೀತು, ಬಿಟ್ಟೆ. ಆಮೇಲಿಂದ ಎರಡಡಿ ಮೀರಿಲ್ಲ. ದಿನಕ್ಕೆ ಆರು ಮೀನು, 15 ಇಂಚಿಗಿಂತ ಚಿಕ್ಕದು ಇಟ್ಕೊಳಂಗಿಲ್ಲ, ಆ ಎರಡು ತಿಂಗಳು ನದೀಲಿ ಸೂರ್ಯ ಹುಟ್ಟಿದ ಮೇಲೆ ಮುಳುಗೋ ಮೊದ್ಲು ಮಾತ್ರ. ಹದಿನಾರು ವಯಸ್ಸು ತುಂಬಿದ್ರೆ ಲೈಸೆನ್ಸ್ ಬೇಕೇ ಬೇಕು. ರೂಲ್ಸ್ ಬದಲಾಗ್ತಾ ಇರತ್ತೆ, ಹೋಗೋ ವರ್ಷದ್ದು ನೋಡ್ಕೊಂಡು ಹೋಗಿ.

ಬಣ್ಣ: ಕದಡಿದ್ ನೀರಿಗೆ ಶಾರ್ಟ್ರೂಸ್, ಅದೇ ಆ ಹೈಲೈಟರ್ ಪೆನ್ ಹಸಿರು ಹಳದಿ, ಇಲ್ಲಾಂದ್ರೆ ಆರೆಂಜ್. ತಿಳಿ ನೀರಿಗೆ ಬಿಳಿ. ಮುಗೀತು.

ಯಾವಾಗ ಹೋಗೋದು ಅನ್ನೋದು ಇದಕ್ಕಿಂತ ಕಷ್ಟದ್ದು. ನೀರಿನ ಟೆಂಪರೇಚರ್ 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಬಂದಾಗ ಮೊಟ್ಟೆ ಕೆಲ್ಸ ಜೋರು. ಗಂಡು ಮೀನು ಮೊದ್ಲು ಬರತ್ತೆ, ಕೊನೇಲಿ ಹೋಗತ್ತೆ, ನಮಗೆ ಸಿಗೋದೂ ಹೆಚ್ಚಾಗಿ ಅವೇ. ಹೆಣ್ಣು ದೊಡ್ಡದು, ಬಂದು ಮೊಟ್ಟೆ ಇಟ್ಟು ಬೇಗ ಸರೋವರಕ್ಕೆ ವಾಪಸ್. ವಾಟರ್‌ವಿಲ್ ಹತ್ರ ಯುಎಸ್‌ಜಿಎಸ್‌ನೋರ (ಅಮೆರಿಕ ಸರ್ಕಾರದ ಭೂವಿಜ್ಞಾನ ಇಲಾಖೆ) ಅಳತೆ ಗೇಜ್ ಇದೆ, ನೀರಿನ ಮಟ್ಟ ಹರಿವು ಎಲ್ಲಾ ಆನ್‌ಲೈನ್ ಕಾಣತ್ತೆ, ಬೆಳಿಗ್ಗೆ ಹಾಲಿಡೋ ಮೊದ್ಲು ಅದನ್ನ ನೋಡೋದು ನಂಗೀಗ ಅಭ್ಯಾಸ ಆಗೋಗಿದೆ, ಹೆಂಡ್ತಿ ಶೇರ್ ಮಾರ್ಕೆಟ್ ಅಂದ್ಕೊಂಡಿದ್ಲು. ಮಟ್ಟ ಏರ್ತಾ ಇದ್ರೆ ಹೋಗ್ಬೇಡಿ, ಮೀನಿನ ವಿಷ್ಯ ಅಲ್ಲ, ಜೀವದ ವಿಷ್ಯ. ವೇಡರ್ಸ್ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಾಗಿ ಕಟ್ಟಿ, ಬಿದ್ರೆ ಒಳಗೆ ನೀರು ತುಂಬದಿರೋಕೆ ಅದೇ ಆಸರೆ.

ಸಾದಾ ಸೀಸದ ಜಿಗ್ ಬಗ್ಗೆ ಅನ್ಯಾಯ ಮಾಡ್ಬಾರ್ದು. ಸೆಳೆತ ಕಮ್ಮಿ ಇರೋ ಮಡುಗಳಲ್ಲಿ ಕಾಲು ಔನ್ಸ್ ಜಿಗ್ಗಿಗೆ ಅದೇ ಟ್ವಿಸ್ಟರ್ ಬಾಲ ಹಾಕಿ ತಳದಲ್ಲಿ ನಿಧಾನಕ್ಕೆ ಎತ್ತಿ ಇಳ್ಸಿದ್ರೆ ಸಿಗತ್ತೆ, ಎಷ್ಟು ನಿಧಾನ ಅಂದ್ರೆ ನಿಮಗೇ ನಿದ್ದೆ ಬರ್ಬೇಕು. ಮಿನ್ನೆಸೋಟ ಕಡೆ ಮೇ ತಿಂಗಳಲ್ಲಿ ಸೀಸನ್ ಓಪನ್ ಆದಾಗ ಜಿಗ್ಗಿಗೆ ಜೀವಂತ ಶೈನರ್ ಮೀನುಮರಿ ಸಿಗ್ಸಿ ಹಾಕೋದೇ ದೊಡ್ಡ ಮಂತ್ರ, ನಾನು ಮಾಡಿಲ್ಲ, ಮರಿಗೆ ಕೊಕ್ಕೆ ಚುಚ್ಚೋಕೆ ಕೈ ಬರ್ಲಿಲ್ಲ. ಹಿಡಿದ ವಾಲೈನ ರವೆ ಹಚ್ಚಿ ಫ್ರೈ ಮಾಡ್ವಾಗ ಮಾತ್ರ ಈ ಕರುಣೆ ಎಲ್ಲಿಗೆ ಹೋಗತ್ತೋ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಪೋರ್ಟ್ ಕ್ಲಿಂಟನ್‌ನಿಂದ ಬೋಟಲ್ಲಿ ಸರೋವರದ ರೀಫ್‌ಗಳಿಗೂ ಹೋಗಿದ್ವಿ. ಎಲ್ಲಾ ಮೀನೂ ನದಿ ಹತ್ತಲ್ಲ, ಸುಮಾರು ಅಲ್ಲೇ ನೀರೊಳಗಿನ ಬಂಡೆ ಸಾಲಿನ ಮೇಲೆ ಮೊಟ್ಟೆ ಇಡತ್ತೆ, ನಯಾಗರ ರೀಫ್, ಕ್ರಿಬ್ ರೀಫ್ ಅಂತ ಹೆಸರು. ಅಲ್ಲಿ ರಾಜ ಹೇರ್ ಜಿಗ್, ಜಿಂಕೆ ಬಾಲದ ಕೂದ್ಲು ಕಟ್ಟಿರೋ ಭಾರದ ಜಿಗ್, ಅದೂ ನೇರಳೆ ಬಣ್ಣ. ಬೋಟಲ್ಲಿದ್ದ ಆರು ಜನರಲ್ಲಿ ನಾಲ್ಕು ಜನರ ಲೈನಿಗೆ ನೇರಳೆ, ಯಾಕೆ ಅಂದ್ರೆ "ಇಲ್ಲಿ ಹಂಗೇನೇ" ಅಂದ್ರು. ತಳ ಮುಟ್ಸಿ, ಒಂದಡಿ ಝಾಡಿಸಿ ಎತ್ತಿ, ಲೈನ್ ಬಿಗಿ ಇಟ್ಕೊಂಡೇ ಇಳಿಬಿಡೋದು, ಕಚ್ಚೋದು ಇಳಿಯುವಾಗ್ಲೇ. ಬ್ಲೇಡ್ ಬೇಟ್ ಅಂತ ತಗಡಿನ ತುಂಡೂ ಇದೇ ಥರ ಆಡಿಸ್ತಾರೆ, ಎತ್ತಿದಾಗ ಕೈಗೆ ಜೇನ್ನೊಣ ಗುಂಯ್‌ಗುಟ್ಟಿದಂಗೆ ನಡುಕ ಬರತ್ತೆ, ಅದು ನಂಗೆ ತುಂಬ ಇಷ್ಟ ಆಯ್ತು, ಎರಡು ಮೀನು ಅದಕ್ಕೇ. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಟ್ ಮಾಡಿದ್ದು ಲೈನಿಗೆ ಸುತ್ಕೊಳೋ ಚಟಕ್ಕೆ.

ರಾಪಾಲ ಹಸ್ಕಿ ಜರ್ಕ್ ಒಂದು ತಗೊಂಡಿದೀನಿ, ಸಣ್ಣ ಮೀನಿನ ಆಕಾರದ್ದು, ಎಳೆದು ನಿಲ್ಸಿದ್ರೆ ಮೇಲೂ ಬರದೆ ಕೆಳಗೂ ಹೋಗದೆ ಇದ್ದಲ್ಲೇ ನೇತಾಡತ್ತೆ, ತಣ್ಣೀರಿನ ಸೋಮಾರಿ ಮೀನಿಗೆ ಯೋಚ್ನೆ ಮಾಡೋಕೆ ಟೈಮ್ ಕೊಡತ್ತೆ ಅನ್ನೋದೇ ಅದರ ಗುಟ್ಟು. ಸರೋವರದ ದಂಡೆ ಮೇಲೆ ಕತ್ತಲಾದ ಮೇಲೆ ಹಾಕೋಕೆ. ಟ್ರೆಬಲ್ ಇರೋದ್ರಿಂದ ನದಿಗೆ ತರಂಗಿಲ್ಲ. ಎರಡು ರಾತ್ರಿ ಹಾಕ್ದೆ, ಒಂದು ಮೀನು, ಒಳ್ಳೇದು. ಇನ್ನೂ ನಾಲ್ಕು ರಾತ್ರಿ ಹಾಕೋವರೆಗೂ ಸ್ಟಾರ್ ಕೊಡಲ್ಲ.

ಕಿಟ್ ವಿಷ್ಯಕ್ಕೆ ವಾಪಸ್. ಸರೋವರದಲ್ಲಾದ್ರೂ ಆಗತ್ತೇನೋ ಅಂತ ಅದರ ಕ್ರ್ಯಾಂಕ್‌ಬೇಟ್ (ಎಳೆದ್ರೆ ಅಲ್ಲಾಡ್ತಾ ಬರೋ ಗಟ್ಟಿ ನಕಲಿ ಮೀನು) ಒಂದನ್ನ ದಂಡೆಯಿಂದ ಎಸೆದೆ, ಎಳೆದಾಗ ಸೀದಾ ಬರೋ ಬದ್ಲು ಕುಡುಕನ ಥರ ಒಂದೇ ಮಗ್ಗುಲಿಗೆ ವಾಲ್ಕೊಂಡು ಬಂತು. ಇನ್ನೊಂದು ಕಲ್ಲಿಗೆ ಸಿಕ್ತು, ಜೋರಾಗಿ ಎಳೆದ್ರೆ ಬಿಟ್ಕೊಂಡು ಬಂತು, ಖುಷಿಯಾಗಿ ನೋಡ್ತೀನಿ, ಕೊಕ್ಕೆ ಸೂಜಿ ಥರ ನೆಟ್ಟಗಾಗಿದೆ. ಆರು ಪೌಂಡಿನ ಹೆಣ್ಣು ವಾಲೈ ಇದಕ್ಕೆ ಸಿಕ್ಕಿದ್ರೆ ನನ್ನ ಗತಿ ಏನಾಗ್ತಿತ್ತು. ಸ್ವಿವೆಲ್‌ಗಳಲ್ಲಿ ಅರ್ಧ ತಿರುಗೋದೇ ಇಲ್ಲ. ರಬ್ಬರ್ ಹುಳಗಳು ಬಿಸಿಲಿಗೆ ಒಂದಕ್ಕೊಂದು ಅಂಟಿ ಹಲ್ವಾ ಆಗಿವೆ. ಮಾರ್ದೋರಿಗೆ ಬರ್ದೆ, ಎರಡು ದಿನ ಬಿಟ್ಟು "ಹ್ಯಾಪಿ ಫಿಶಿಂಗ್" ಅಂತ 10 ಪರ್ಸೆಂಟ್ ಕೂಪನ್ ಕಳಿಸಿದ್ರು, ಇನ್ನೊಂದು ಕಿಟ್ ತಗೊಳೋಕಂತೆ.

ಅದೇ ಮೂವತ್ತು ಡಾಲರ್ ನಿಮ್ಮ ಕೈಲಿದ್ರೆ ನದಿ ಪಕ್ಕದ ಯಾವ್ದಾದ್ರೂ ಬೇಟ್ ಶಾಪಿಗೆ ಹೋಗಿ ಗುಂಡು ನಾಲ್ಕು ಸೈಜಲ್ಲಿ, ಫ್ಲೋಟಿಂಗ್ ಜಿಗ್ ಒಂದು ಡಜನ್, ಎರಡು ಬಣ್ಣದ ಬಾಲ, ಒಂದು ಪ್ಯಾಕೆಟ್ ಸ್ವಿವೆಲ್, ಒಂದು ಸುತ್ತು ಲೀಡರ್ ಲೈನ್ ತಗೊಳ್ಳಿ, ಆವತ್ತು ಎಷ್ಟು ವೆಯ್ಟ್ ನಡೀತಿದೆ ಅಂತ ಕೌಂಟರಲ್ಲಿ ಕೇಳಿ, ಹೇಳ್ತಾರೆ.

ಡಬ್ಬ ಮಾತ್ರ ನಿಜವಾಗ್ಲೂ ಚೆನ್ನಾಗಿದೆ, ಖಾನೆ ಗಟ್ಟಿ, ಮುಚ್ಚಳ ನೀರಿಗೆ ಬಿದ್ರೂ ಬಿಚ್ಕೊಳ್ಳಲಿಲ್ಲ. ನನ್ನ ಗುಂಡುಗಳೆಲ್ಲ ಈಗ ಅದ್ರಲ್ಲೇ. ತೆಗೆದಿಟ್ಟಿರೋ 34 ಟ್ರೆಬಲ್ ಐಟಮ್ ಒಂದು ಕವರಲ್ಲಿ ಗರಾಜಲ್ಲಿ ಬಿದ್ದಿದೆ, ಟೊಲೆಡೊ ಕಡೆ ಇರೋರು ಯಾರಿಗಾದ್ರೂ ಬೇಸಿಗೇಲಿ ಮಕ್ಕಳ ಜೊತೆ ಕೆರೆಗೆ ಹೋಗೋಕೆ ಬೇಕಿದ್ರೆ ಹೇಳಿ, ಕೊಕ್ಕೆ ಬದಲಾಯಿಸ್ಕೊಂಡ್ರೆ ನಡೆಯತ್ತೆ, ದುಡ್ಡು ಬೇಡ.